ಅಮೆರಿಕದ ವರಮಾನ ತೆರಿಗೆ: ನ್ಯಾಯವಾದ ಪಾಲು ಯಾವುದು?

2025ರ ಜುಲೈ ತಿಂಗಳಿನಲ್ಲಿ ನಮ್ಮ ಅಕ್ಕ ಮತ್ತು ಭಾವನವರು ಇಬ್ಬರು ಮಕ್ಕಳೊಡನೆ ಅಮೆರಿಕದಿಂದ ಬಂದು, ಮೈಸೂರಿನ ನಮ್ಮ ಮನೆಯಲ್ಲಿ ಮೂರು ವಾರ ಇದ್ದು ಹೋದರು. ಭಾವನವರು ನ್ಯೂಜೆರ್ಸಿಯಲ್ಲಿ ಎಂಜಿನಿಯರು. ಅಲ್ಲಿಗೆ ಹೋಗಿ ಆಗ ಒಂಬತ್ತು ವರ್ಷಗಳಾಗಿದ್ದುವು. ಸ್ವಭಾವದಿಂದ ಮಿತಭಾಷಿಗಳಾದ ಅವರು ಎರಡು ವಿಷಯಗಳು ಬಂದಾಗ ಮಾತ್ರ ಧ್ವನಿಯೇರಿಸುವುದುಂಟು: ಒಂದು ಕ್ರಿಕೆಟ್ಟು, ಇನ್ನೊಂದು ವರಮಾನ ತೆರಿಗೆ. ಮಳೆ ಹಿಡಿದುಕೊಂಡಿದ್ದ ಒಂದು ಸಂಜೆ, ಕಾಫಿ ಹುರಿಗಾಳುಗಳ ನಡುವೆ, ಈ ಎರಡನೆಯದು ಹೇಗೋ ನಮ್ಮ ನಡುಮನೆಗೆ ಬಂದು ಕುಳಿತುಬಿಟ್ಟಿತು.

"ಅಲ್ಲಿಯ ಜನರಲ್ಲಿ ಕೆಳಗಿನ ಅರ್ಧದಷ್ಟು ಮಂದಿ ಕೇಂದ್ರ ಸರ್ಕಾರಕ್ಕೆ ಕೊಡುವ ವರಮಾನ ತೆರಿಗೆ ಇಲ್ಲವೆನ್ನುವಷ್ಟು ಅಲ್ಪ. ನೂರಕ್ಕೆ ಒಬ್ಬರಂತೆ ಇರುವ ಶ್ರೀಮಂತರೇ ನೂರಕ್ಕೆ ನಲವತ್ತು ಪಾಲನ್ನು ಹೊರುತ್ತಾರೆ. ಇನ್ನೂ ಎಷ್ಟು ಹೊರಬೇಕು ಅವರು?" ಎಂದರು ಭಾವನವರು.

ಅಕ್ಕ ಬಿಡಲಿಲ್ಲ. "ಆ ಶ್ರೀಮಂತರಲ್ಲೇ ಎಲ್ಲರಿಗಿಂತ ಮೇಲಿರುವ ಇಪ್ಪತ್ತೈದು ಮಂದಿಯ ಲೆಕ್ಕವನ್ನೂ ಹೇಳಿ. ಐದು ವರ್ಷದಲ್ಲಿ ಅವರ ಆಸ್ತಿ ಬೆಳೆದದ್ದೆಷ್ಟು, ಅದರಲ್ಲಿ ಅವರು ಕೊಟ್ಟದ್ದೆಷ್ಟು? ನೂರಕ್ಕೆ ಮೂರೂವರೆಯೂ ಇಲ್ಲ. ಸಂಬಳದವರು ನಾವೇ ಅವರಿಗಿಂತ ಹೆಚ್ಚು ಕೊಡುತ್ತೇವೆ."

ಇಬ್ಬರೂ ತಮ್ಮ ತಮ್ಮ ಮಾತಿಗೆ ಆಧಾರ ತೋರಿಸಿದರು. ಇಬ್ಬರ ಆಧಾರವೂ ಸರಿಯಾಗಿಯೇ ಇದ್ದಿತು. ವಾದ ಹೀಗೆ ಗಂಟು ಬಿದ್ದಾಗ, ಮೂಲೆಯಲ್ಲಿ ಸೊಪ್ಪು ಬಿಡಿಸುತ್ತಿದ್ದ ನಮ್ಮ ತಾಯಿ ತಲೆಯೆತ್ತಿ, "ನೀವಿಬ್ಬರೂ ಆಗಿನಿಂದ ಪಾಲು, ಪಾಲು ಅನ್ನುತ್ತಿದ್ದೀರಿ. ಯಾವುದರಲ್ಲಿ ಪಾಲು? ಅದನ್ನು ಮೊದಲು ಹೇಳಿ" ಎಂದರು.

ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವ ನನಗೆ ಅರ್ಥಶಾಸ್ತ್ರದಲ್ಲಿ ಯಾವ ಅಧಿಕಾರವೂ ಇಲ್ಲ. ಶಾಸನಗಳಲ್ಲಿ ತೆರಿಗೆಯನ್ನು 'ತೆರೆ' ಎಂದೂ, ಕರಗಳೆಲ್ಲವನ್ನೂ ಬಿಟ್ಟುಕೊಟ್ಟ ಭೂಮಿಯನ್ನು 'ಸರ್ವಮಾನ್ಯ' ಎಂದೂ ಕರೆಯುತ್ತಿದ್ದರು ಎಂದು ತರಗತಿಯಲ್ಲಿ ಹೇಳುವಷ್ಟಕ್ಕೆ ನನ್ನ ತೆರಿಗೆಯ ಪಾಂಡಿತ್ಯ ಮುಗಿಯುತ್ತದೆ. ಆದರೆ ತಾಯಿಯ ಆ ಒಂದು ಪ್ರಶ್ನೆ ನನ್ನನ್ನು ಬಿಡಲಿಲ್ಲ. ಭಾವನವರ ಕಾಗದಪತ್ರಗಳನ್ನೂ ಅಮೆರಿಕ ಸರ್ಕಾರವೇ ಪ್ರಕಟಿಸಿರುವ ಅಂಕಿಗಳನ್ನೂ ಮುಂದಿಟ್ಟುಕೊಂಡು ಕೆಲವು ರಾತ್ರಿ ಕುಳಿತೆ. ಅದರ ಫಲವೇ ಈ ಲೇಖನ.

ಮೊದಲು ಭಾವನವರ ಮಾತನ್ನು ತೂಗೋಣ. 2022ನೆಯ ಇಸವಿಯ ವರಮಾನಕ್ಕಾಗಿ ಅಮೆರಿಕದ ಜನರು ಕೇಂದ್ರಕ್ಕೆ ಸಲ್ಲಿಸಿದ ವರಮಾನ ತೆರಿಗೆ ಸುಮಾರು 2.1 ಲಕ್ಷ ಕೋಟಿ ಡಾಲರು. ತೆರಿಗೆಯ ಲೆಕ್ಕ ಒಪ್ಪಿಸಿದವರನ್ನು ವರಮಾನದ ಕ್ರಮದಲ್ಲಿ ಸಾಲಾಗಿ ನಿಲ್ಲಿಸಿದರೆ, ಮೇಲಿನ ನೂರಕ್ಕೊಬ್ಬರು, ಎಂದರೆ ವರ್ಷಕ್ಕೆ 6,63,164 ಡಾಲರಿಗೂ ಮಿಗಿಲಾಗಿ ಗಳಿಸಿದವರು, ಈ ಮೊತ್ತದ ಶೇಕಡಾ 40.4ರಷ್ಟನ್ನು ಕೊಟ್ಟರು. ಕೆಳಗಿನ ಅರ್ಧ ಸಾಲಿನವರೆಲ್ಲರೂ ಕೂಡಿ ಕೊಟ್ಟದ್ದು ಶೇಕಡಾ 3. ಭಾವನವರು ಸುಳ್ಳಾಡಿರಲಿಲ್ಲ. ಆದರೆ ಆ ನೂರಕ್ಕೊಬ್ಬರ ಕೈಗೆ ದೇಶದ ಒಟ್ಟು ವರಮಾನದಲ್ಲಿ ಶೇಕಡಾ 22.4 ಸೇರಿದ್ದಿತು, ಕೆಳಗಿನ ಅರ್ಧ ಸಾಲಿಗೆ ದೊರೆತದ್ದು ಶೇಕಡಾ 11.5 ಮಾತ್ರ. ನೂರು ಜನರ ಪಂಕ್ತಿಯಲ್ಲಿ ಒಬ್ಬನ ಎಲೆಗೆ ಐವತ್ತು ಜನರ ಎಲೆಗಿಂತ ಎರಡರಷ್ಟು ಬಡಿಸಿದೆ ಎಂದಾಗ, ಅವನು ಅಡಿಗೆಯ ಖರ್ಚಿನಲ್ಲಿ ಹೆಚ್ಚು ಕೊಟ್ಟನೆಂಬುದು ಅಷ್ಟೇನೂ ಸೋಜಿಗದ ಸಂಗತಿಯಾಗಿ ಉಳಿಯುವುದಿಲ್ಲ. ಹಾಗೆಂದು ಅವನು ಕೊಟ್ಟದ್ದು ಕಡಿಮೆಯೆಂದೂ ಅಲ್ಲ. ಈ ಮೇಲ್ವರ್ಗದವರು ತಮ್ಮ ವರಮಾನದಲ್ಲಿ ಸರಾಸರಿ ನೂರಕ್ಕೆ 26 ಡಾಲರಿನಷ್ಟು ಕೊಟ್ಟರೆ, ಕೆಳಗಿನ ಅರ್ಧದವರು ನೂರಕ್ಕೆ ನಾಲ್ಕು ಡಾಲರಿಗೂ ಕಡಿಮೆ ಕೊಟ್ಟರು.

ಇನ್ನು ಅಕ್ಕನ ಮಾತು. 2021ರಲ್ಲಿ ಪ್ರೊಪಬ್ಲಿಕ ಎಂಬ ಪತ್ರಿಕಾ ಸಂಸ್ಥೆ ಅಮೆರಿಕದ ಇಪ್ಪತ್ತೈದು ಅತಿ ಶ್ರೀಮಂತರ ತೆರಿಗೆಯ ವಿವರಗಳನ್ನು ಹೊರಗೆಡಹಿತು. 2014ರಿಂದ 2018ರವರೆಗೆ ಅವರ ಸಂಪತ್ತು 40,100 ಕೋಟಿ ಡಾಲರಿನಷ್ಟು ಬೆಳೆದಿದ್ದಿತು. ಆ ಐದು ವರ್ಷಗಳಲ್ಲಿ ಅವರು ಸಲ್ಲಿಸಿದ ಕೇಂದ್ರ ವರಮಾನ ತೆರಿಗೆ 1,360 ಕೋಟಿ ಡಾಲರು. ಬೆಳೆದ ಸಂಪತ್ತಿಗೆ ಹೋಲಿಸಿದರೆ ಇದು ಶೇಕಡಾ 3.4. ಅಕ್ಕನೂ ಸುಳ್ಳಾಡಿರಲಿಲ್ಲ. ಆದರೆ ಭಾವನವರು ಅಳೆದದ್ದು ವರಮಾನದ ಕೊಳಗದಲ್ಲಿ, ಅಕ್ಕ ಅಳೆದದ್ದು ಸಂಪತ್ತಿನ ಬೆಳವಣಿಗೆಯ ಕೊಳಗದಲ್ಲಿ. ಕೊಳಗ ಬೇರೆಯಾದ ಮೇಲೆ ಲೆಕ್ಕ ಒಂದಾಗುವುದೆಂತು?

ಒಂದೇ ಮನೆ, ನಾಲ್ಕು ಲೆಕ್ಕ

ಇದನ್ನು ದೊಡ್ಡವರ ಅಂಕಿಗಳಲ್ಲಿ ತಿಳಿಯುವುದಕ್ಕಿಂತ ಒಂದು ಸಂಸಾರದ ಲೆಕ್ಕದಲ್ಲಿ ನೋಡುವುದು ಸುಲಭ. ಭಾವನವರ ಒಪ್ಪಿಗೆಯನ್ನು ಪಡೆದೇ ಇಲ್ಲಿ ಬರೆಯುತ್ತಿದ್ದೇನೆ, ಅಂಕಿಗಳನ್ನು ಗುಂಡಾಗಿಸಿದ್ದೇನೆ. 2024ರಲ್ಲಿ ಅವರ ಸಂಬಳ ಒಂದೂವರೆ ಲಕ್ಷ ಡಾಲರು ಎನ್ನೋಣ. ನಮ್ಮ ರೂಪಾಯಿಗೆ ಪರಿವರ್ತಿಸಿ ಯಾರೂ ಹುಬ್ಬೇರಿಸಬೇಕಾದುದಿಲ್ಲ. ಅಲ್ಲಿಯ ಮನೆಬಾಡಿಗೆಯನ್ನೂ ಹಾಗೆಯೇ ಪರಿವರ್ತಿಸಿದರೆ ಹುಬ್ಬು ತಾನಾಗಿ ಕೆಳಗಿಳಿಯುತ್ತದೆ.

ಗಂಡಹೆಂಡಿರು ಕೂಡಿ ಲೆಕ್ಕ ಒಪ್ಪಿಸಿದರೆ ಆ ವರ್ಷ ಮೊದಲ 29,200 ಡಾಲರಿಗೆ ತೆರಿಗೆಯಿಲ್ಲ. ಉಳಿದ 1,20,800 ಡಾಲರು ತೆರಿಗೆಗೆ ಒಳಪಡುವ ವರಮಾನ. ಇದಕ್ಕೆ ಮೆಟ್ಟಲುಗಳಿವೆ. ಮೊದಲ 23,200 ಡಾಲರಿಗೆ ನೂರಕ್ಕೆ ಹತ್ತು, ಅಲ್ಲಿಂದ 94,300ರವರೆಗೆ ಹನ್ನೆರಡು, ಅದರಾಚೆಗೆ ಇಪ್ಪತ್ತೆರಡು. ಹೀಗೆ ಏರುತ್ತ ಹೋಗಿ ಕೊನೆಯ ಮೆಟ್ಟಲಿನಲ್ಲಿ ಮೂವತ್ತೇಳು. ತಮಾಷೆಯೆಂದರೆ, ಇಷ್ಟು ವರ್ಷ ತೆರಿಗೆ ಕೊಟ್ಟ ಭಾವನವರೂ "ನಾನು ಇಪ್ಪತ್ತೆರಡರ ಮೆಟ್ಟಲಿನವನು, ನೂರಕ್ಕೆ ಇಪ್ಪತ್ತೆರಡು ಕೊಡುತ್ತೇನೆ" ಎಂದೇ ಹೇಳುತ್ತಿದ್ದರು. ಮೆಟ್ಟಲು ಹತ್ತಿದವನು ಕೆಳಗಿನ ಮೆಟ್ಟಲುಗಳನ್ನು ಕಳೆದುಕೊಳ್ಳುವುದಿಲ್ಲ. ಅವರ ವರಮಾನದಲ್ಲಿ ಇಪ್ಪತ್ತೆರಡರ ಬಾಯಿಗೆ ಬೀಳುವುದು ಮೇಲಿನ 26,500 ಡಾಲರು ಮಾತ್ರ. ಕೂಡಿಸಿದರೆ ತೆರಿಗೆ 16,682 ಡಾಲರು. ಇಬ್ಬರು ಮಕ್ಕಳಿಗಾಗಿ ತಲಾ ಎರಡು ಸಾವಿರ ಡಾಲರು ಬಿಟ್ಟ ಮೇಲೆ ಉಳಿಯುವುದು 12,682. ಸಂಬಳಕ್ಕೆ ಹೋಲಿಸಿದರೆ ನೂರಕ್ಕೆ ಎಂಟೂವರೆಗೆ ತುಸು ಕಡಿಮೆ. ಈ ಅಂಕಿಯನ್ನು ತೋರಿಸಿದಾಗ ಭಾವನವರು ಕಾಗದವನ್ನು ಕೈಗೆ ತೆಗೆದುಕೊಂಡು ಎರಡು ಸಲ ಕೂಡಿ ನೋಡಿದರು.

ಆದರೆ ಲೆಕ್ಕ ಇಲ್ಲಿಗೆ ಮುಗಿಯಲಿಲ್ಲ. ಸಾಮಾಜಿಕ ಭದ್ರತೆ ಮತ್ತು ಮೆಡಿಕೇರ್ ಎಂಬ ಹೆಸರಿನಲ್ಲಿ ಸಂಬಳದಿಂದಲೇ ಮುರಿದುಕೊಳ್ಳುವ ಇನ್ನೊಂದು ಕೇಂದ್ರ ತೆರಿಗೆ ಉಂಟು. ವೃದ್ಧಾಪ್ಯದ ವೇತನಕ್ಕೂ ವೃದ್ಧರ ಚಿಕಿತ್ಸೆಗೂ ಇದು ಮೀಸಲು. ನೌಕರನ ಕಡೆಯಿಂದ ನೂರಕ್ಕೆ 7.65, ಭಾವನವರಿಗೆ ಇದು 11,475 ಡಾಲರು. ಎರಡನ್ನೂ ಕೂಡಿಸಿದರೆ ನೂರಕ್ಕೆ ಹದಿನಾರಾಯಿತು. ವಿನಾಯಿತಿ ಕಳೆದು ಉಳಿದ, ತೆರಿಗೆಗೆ ಒಳಪಡುವ ವರಮಾನಕ್ಕೆ ಹೋಲಿಸಿದರೆ ನೂರಕ್ಕೆ ಇಪ್ಪತ್ತಾಯಿತು. ಅವರ ಹೆಸರಿನಲ್ಲಿ ಕಂಪನಿ ಇಷ್ಟೇ ಮೊತ್ತವನ್ನು, ಮತ್ತೆ 11,475 ಡಾಲರನ್ನು, ಸರ್ಕಾರಕ್ಕೆ ಕಟ್ಟುತ್ತದೆ. ಅದನ್ನೂ ನೌಕರನ ದುಡಿಮೆಯಿಂದಲೇ ಬಂದದ್ದೆಂದು ಬಹುಮಂದಿ ಅರ್ಥಶಾಸ್ತ್ರಜ್ಞರು ಎಣಿಸುತ್ತಾರೆ. ಹಾಗೆ ಎಣಿಸಿ ಮೇಲಿನ ರೀತಿಯಲ್ಲೇ ಭಾಗಿಸಿದರೆ ನೂರಕ್ಕೆ ಇಪ್ಪತ್ತೊಂಬತ್ತೂವರೆ!

ಎಂಟೂವರೆ, ಹದಿನಾರು, ಇಪ್ಪತ್ತು, ಇಪ್ಪತ್ತೊಂಬತ್ತೂವರೆ. ಮನೆ ಒಂದೇ, ವರ್ಷ ಒಂದೇ, ಡಾಲರುಗಳು ಅವೇ. ರಾಜಕಾರಣಿಗೆ ಇವುಗಳಲ್ಲಿ ಯಾವುದು ಬೇಕೋ ಅದನ್ನು ಎತ್ತಿಕೊಂಡು ವೇದಿಕೆಯೇರಬಹುದು. ಯಾರೂ ಅವನನ್ನು ಸುಳ್ಳುಗಾರನೆನ್ನುವಂತಿಲ್ಲ.

ಹಾಗೆ ಎತ್ತಿಕೊಂಡವರೂ ಉಂಟು. 2011ರ ಆಗಸ್ಟಿನಲ್ಲಿ ವಾರೆನ್ ಬಫೆಟ್ ಎಂಬ ಕುಬೇರ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿ ಲೇಖನ ಬರೆದು, ತಾನು ಹಿಂದಿನ ವರ್ಷ ಕೊಟ್ಟದ್ದು ತೆರಿಗೆಗೆ ಒಳಪಡುವ ವರಮಾನದಲ್ಲಿ ಶೇಕಡಾ 17.4 ಮಾತ್ರವೆಂದೂ, ತನ್ನ ಕಚೇರಿಯ ಇತರ ಇಪ್ಪತ್ತು ಮಂದಿ ಸರಾಸರಿ 36 ಕೊಟ್ಟರೆಂದೂ ಹೇಳಿದನು. ದೇಶವೆಲ್ಲ ಬೆರಗಾಯಿತು. ಅವನು ಬಳಸಿದ್ದು ನಾಲ್ಕನೆಯ ಕೊಳಗವನ್ನು. ಕಂಪನಿ ಕಟ್ಟಿದ ಪಾಲೂ ಅದರಲ್ಲಿ ಸೇರಿದ್ದಿತು. ಮರುವರ್ಷ ಅಧ್ಯಕ್ಷ ಪದವಿಗೆ ಸ್ಪರ್ಧಿಸಿದ ಮಿಟ್ ರಾಮ್ನಿ, ದೇಣಿಗೆದಾರರ ಖಾಸಗಿ ಕೂಟವೊಂದರಲ್ಲಿ, ಜನರಲ್ಲಿ ನೂರಕ್ಕೆ ನಲವತ್ತೇಳು ಮಂದಿ ವರಮಾನ ತೆರಿಗೆಯನ್ನೇ ಕೊಡುವುದಿಲ್ಲವೆಂದು ಆಡಿದ ಮಾತು ಹೊರಬಿದ್ದು ಕೋಲಾಹಲವಾಯಿತು. ಆತ ಬಳಸಿದ್ದು ಮೊದಲನೆಯ ಕೊಳಗ. ಆ ನಲವತ್ತೇಳು ಮಂದಿಯಲ್ಲಿ ನಿವೃತ್ತರಾದ ಮುದುಕರಿದ್ದರು. ಹೋಟೆಲಿನಲ್ಲಿ ತಟ್ಟೆ ತೊಳೆದು, ಸಾಮಾಜಿಕ ಭದ್ರತೆಯ ತೆರಿಗೆಯನ್ನು ಮೊದಲ ಡಾಲರಿನಿಂದಲೇ ತೆತ್ತವರಿದ್ದರು. ಅದೇ ಚುನಾವಣೆಯಲ್ಲಿ ರಾಮ್ನಿಯವರು ತಮ್ಮ ಲೆಕ್ಕವನ್ನು ಬಹಿರಂಗಪಡಿಸಬೇಕಾಗಿ ಬಂದಾಗ, 2011ರಲ್ಲಿ ಅವರು ಕೊಟ್ಟ ವರಮಾನ ತೆರಿಗೆ ಶೇಕಡಾ 14ರಷ್ಟೆಂದು ತಿಳಿದುಬಂದಿತು. ಬಫೆಟ್‌ಗೂ ರಾಮ್ನಿಗೂ ದರ ಇಷ್ಟು ಇಳಿದುದರ ಗುಟ್ಟು ಒಂದೇ: ಅವರ ಗಳಿಕೆಯಲ್ಲಿ ಹೆಚ್ಚಿನದು ಸಂಬಳವಲ್ಲ, ಬಂಡವಾಳದ ಲಾಭ. ಅದಕ್ಕೆ ಆಗ ಇದ್ದ ದರ ಹದಿನೈದು. 2013ರಿಂದ ಅದು ಅತಿ ಶ್ರೀಮಂತರಿಗೆ ಇಪ್ಪತ್ತಕ್ಕೇರಿತು, ಮೇಲೆ 3.8ರ ಇನ್ನೊಂದು ತೆರಿಗೆ ಸೇರಿತು. ಆದರೂ ಬೆವರಿಗಿಂತ ಬಡ್ಡಿಯ ಬಂಧುವಿಗೇ ಸರ್ಕಾರದ ಮುಲಾಜು ಹೆಚ್ಚು.

ತಲೆಗಿಷ್ಟೋ, ಎಕರೆಗಿಷ್ಟೋ?

ನಮ್ಮ ತಾಯಿ ಹೇಳಿದ ಒಂದು ಸಂಗತಿ ಇಲ್ಲಿ ನೆನಪಾಗುತ್ತದೆ. ಅವರ ತವರೂರಿನಲ್ಲಿ ಕೆರೆಯ ಹೂಳು ತೆಗೆಸಬೇಕಾದಾಗ ಪ್ರತಿ ಸಲವೂ ಜಗಳವಂತೆ. ಮನೆಗೊಂದು ಆಳಿನಂತೆ ಬರಲಿ ಎನ್ನುವವರು ಕೆಲವರು. ಕೆರೆಯ ಕೆಳಗೆ ಎಷ್ಟು ಗದ್ದೆಯಿದೆಯೋ ಅದಕ್ಕೆ ತಕ್ಕಂತೆ ಬರಲಿ ಎನ್ನುವವರು ಕೆಲವರು. ಗದ್ದೆಯೇ ಇಲ್ಲದವನು, "ನನ್ನ ದನವೂ ಅದೇ ನೀರು ಕುಡಿಯುತ್ತದೆ, ನಾನೂ ಒಂದು ದಿನ ಬರುತ್ತೇನೆ" ಎಂದು ಗುದ್ದಲಿ ಹಿಡಿದು ಬಂದದ್ದೂ ಉಂಟಂತೆ.

ಅಮೆರಿಕದ ತೆರಿಗೆಯ ಚರಿತ್ರೆ ಬಹುಮಟ್ಟಿಗೆ ಈ ಕೆರೆಯ ಜಗಳವೇ. 1787ರಲ್ಲಿ ರಚಿತವಾದ ಅವರ ಸಂವಿಧಾನ, ನೇರ ತೆರಿಗೆಯನ್ನು ವಿಧಿಸಿದರೆ ಆಯಾ ರಾಜ್ಯದ ಜನಸಂಖ್ಯೆಗೆ ಅನುಗುಣವಾಗಿ ಹಂಚಬೇಕೆಂದಿತು. ಎಂದರೆ ತಲೆಗಿಷ್ಟು. ಒಂದೇ ಜನಸಂಖ್ಯೆಯ ಎರಡು ರಾಜ್ಯಗಳಲ್ಲಿ ಒಂದು ಸಿರಿವಂತ, ಇನ್ನೊಂದು ಬಡ ರಾಜ್ಯವಾಗಿದ್ದರೂ ಎರಡೂ ಒಂದೇ ಮೊತ್ತವನ್ನು ತೆರಬೇಕು! ಅಂತರ್ಯುದ್ಧದ ಖರ್ಚಿಗಾಗಿ 1861ರಲ್ಲಿ ಬಂದ ವರಮಾನ ತೆರಿಗೆ 1872ರಲ್ಲಿ ಮುಗಿಯಿತು. 1894ರಲ್ಲಿ ಮತ್ತೊಂದು ಶಾಸನ, ನಾಲ್ಕು ಸಾವಿರ ಡಾಲರಿಗೆ ಮೇಲ್ಪಟ್ಟ ವರಮಾನಕ್ಕೆ ನೂರಕ್ಕೆ ಎರಡು ಎಂದು ವಿಧಿಸಿತು. ನೂರಕ್ಕೆ ಎರಡು! ಅಷ್ಟಕ್ಕೇ ಜೋಸೆಫ್ ಚೋಟ್ ಎಂಬ ಖ್ಯಾತ ವಕೀಲನು ಸರ್ವೋಚ್ಚ ನ್ಯಾಯಾಲಯದಲ್ಲಿ ನಿಂತು ಇದು ಸಮತಾವಾದಿಗಳ ತೆರಿಗೆಯೆಂದು ಗುಡುಗಿದನು. 1895ರಲ್ಲಿ ಐವರು ನ್ಯಾಯಾಧೀಶರು ಒಂದು ಕಡೆ, ನಾಲ್ವರು ಇನ್ನೊಂದು ಕಡೆಯಾಗಿ, ಆ ತೆರಿಗೆ ಜನಸಂಖ್ಯೆಯಂತೆ ಹಂಚಿಕೆಯಾಗಿಲ್ಲವೆಂಬ ಕಾರಣದಿಂದ ರದ್ದಾಯಿತು. ಮುಂದೆ ಹದಿನೆಂಟು ವರ್ಷಗಳ ಹೋರಾಟದ ಮೇಲೆ, 1913ರ ಫೆಬ್ರವರಿಯಲ್ಲಿ, ಸಂವಿಧಾನದ ಹದಿನಾರನೆಯ ತಿದ್ದುಪಡಿ ಊರ್ಜಿತವಾಗಿ ತಲೆಗಿಷ್ಟು ಎಂಬುದು ಹೋಗಿ ಎಕರೆಗಿಷ್ಟು ಎಂಬುದು ಬಂದಿತು ಎನ್ನಬಹುದು.

ಆ ಮೊದಲ ತೆರಿಗೆ ಇಂದಿನವರಿಗೆ ನಗೆ ತರಿಸುತ್ತದೆ. ಮೂರು ಸಾವಿರ ಡಾಲರಿನವರೆಗೆ ಏನೂ ಇಲ್ಲ. ಸಾಮಾನ್ಯ ಕಾರ್ಮಿಕನ ವರ್ಷದ ದುಡಿಮೆ ಆಗ ಸಾವಿರ ಡಾಲರನ್ನೂ ಮುಟ್ಟುತ್ತಿರಲಿಲ್ಲ. ಆಮೇಲೆ ನೂರಕ್ಕೆ ಒಂದು. ಐದು ಲಕ್ಷ ಡಾಲರು ಮೀರಿದವನಿಗೂ ಎಲ್ಲ ಸೇರಿ ಏಳೇ ಏಳು. ನಾಲ್ಕು ಪುಟದ ಒಂದು ನಮೂನೆ. ಅದು ಅಂದಿಗೆ ಧನಿಕರ ತೆರಿಗೆ. ಸಾಮಾನ್ಯನಿಗೆ ಅದರ ಗೊಡವೆಯೇ ಇರಲಿಲ್ಲ.

ಅದನ್ನು ಎಲ್ಲರ ಮನೆಯ ತೆರಿಗೆಯಾಗಿಸಿದ್ದು ಎರಡನೆಯ ಮಹಾಯುದ್ಧ. 1939ರಲ್ಲಿ ಸುಮಾರು ನಲವತ್ತು ಲಕ್ಷ ಮಂದಿ ಕೊಡುತ್ತಿದ್ದ ತೆರಿಗೆಯನ್ನು 1945ರ ವೇಳೆಗೆ ನಾಲ್ಕು ಕೋಟಿಗೂ ಮಿಕ್ಕ ಜನ ಕೊಡುತ್ತಿದ್ದರು. ಹೊಸಬರಿಗೆ ಪಾಠ ಹೇಳುವುದಕ್ಕಾಗಿ 1942ರಲ್ಲಿ ಸರ್ಕಾರ ವಾಲ್ಟ್ ಡಿಸ್ನಿಯಿಂದ ಒಂದು ಚಿತ್ರವನ್ನೇ ಮಾಡಿಸಿತು. ಅದರಲ್ಲಿ ನಮ್ಮ ಮಕ್ಕಳ ಮೆಚ್ಚಿನ ಡೊನಾಲ್ಡ್ ಡಕ್ ಬಾತುಕೋಳಿ ಮೂವರು ಸೋದರಳಿಯಂದಿರನ್ನು ಅವಲಂಬಿತರೆಂದು ತೋರಿಸಿ ತೆರಿಗೆಯ ನಮೂನೆಯನ್ನು ತುಂಬುತ್ತದೆ. ಮರುವರ್ಷದಿಂದ ತೆರಿಗೆಯನ್ನು ಸಂಬಳದಲ್ಲೇ ಮುರಿದುಕೊಳ್ಳುವ ಪದ್ಧತಿ ಬಂದಿತು. ನನ್ನಂಥ ಸಂಬಳಗಾರನಿಗೆ ಈ ಪದ್ಧತಿಯ ರುಚಿ ಇಲ್ಲಿ ಕುಳಿತೇ ಗೊತ್ತು: ಹಣ ಕೈಗೆ ಬರುವ ಮುಂಚೆಯೇ ಹೋಗಿರುತ್ತದೆ, ಆದುದರಿಂದ ಹೋದ ನೋವೂ ಅಷ್ಟಾಗಿ ತಿಳಿಯದು.

ಯುದ್ಧಕಾಲದಲ್ಲಿ ಮೇಲ್ಮೆಟ್ಟಲಿನ ದರ 94ಕ್ಕೇರಿತು. ಐಸೆನ್‌ಹೋವರ್ ಅಧ್ಯಕ್ಷರಾಗಿದ್ದ ಕಾಲದ ಬಹುಭಾಗ 91 ಆಗಿದ್ದಿತು. ನೂರರಲ್ಲಿ ತೊಂಬತ್ತೊಂದು ಸರ್ಕಾರಕ್ಕೆ! ಆದರೆ ಕಾಗದದ ದರ ಬೇರೆ, ಖಜಾನೆಗೆ ಬಂದದ್ದು ಬೇರೆ. ಬಾಗಿಲಿಗೆ ಭಾರಿ ಬೀಗ ಹಾಕಿ ಹಿತ್ತಿಲ ಬೇಲಿಯಲ್ಲಿ ಹತ್ತು ಕಂಡಿ ಬಿಟ್ಟಿದ್ದರು. 1969ರ ಜನವರಿಯಲ್ಲಿ ಖಜಾನೆಯ ಕಾರ್ಯದರ್ಶಿ ಜೋಸೆಫ್ ಬಾರ್, ಎರಡು ಲಕ್ಷ ಡಾಲರಿಗೆ ಮೇಲ್ಪಟ್ಟ ವರಮಾನವಿದ್ದ 155 ಮಂದಿ ಒಂದು ಡಾಲರನ್ನೂ ವರಮಾನ ತೆರಿಗೆಯಾಗಿ ಕೊಟ್ಟಿಲ್ಲವೆಂದು ಕಾಂಗ್ರೆಸ್ ಸಭೆಗೆ ತಿಳಿಸಿದಾಗ ಜನ ಸಿಡಿದೆದ್ದರು. ಅದೇ ವರ್ಷ ಧನಿಕರಿಗೆ ಕನಿಷ್ಠ ತೆರಿಗೆಯ ಶಾಸನವಾಯಿತು. ಮುಂದೆ ಚಿತ್ರನಟರಾಗಿದ್ದು ಅಧ್ಯಕ್ಷರಾದ ರೊನಾಲ್ಡ್ ರೇಗನ್, ತೊಂಬತ್ತರ ಮೆಟ್ಟಲು ಮುಟ್ಟಿದ ಮೇಲೆ ಆ ವರ್ಷ ಮತ್ತೆ ಚಿತ್ರಗಳಲ್ಲಿ ನಟಿಸಲು ಮನಸ್ಸೇ ಬರುತ್ತಿರಲಿಲ್ಲವೆಂದು ಹೇಳಿಕೊಳ್ಳುತ್ತಿದ್ದರು. ಅವರ ಕಾಲದಲ್ಲೇ, 1988ರಲ್ಲಿ, ದರ 28ಕ್ಕೆ ಇಳಿಯಿತು. ಮತ್ತೆ ಏರಿ, ಇಳಿದು, 2018ರಿಂದ ಈಚೆಗೆ 37ರಲ್ಲಿ ನಿಂತಿದೆ.

ಹೀಗೆ ನೂರು ವರ್ಷ ಅಮೆರಿಕದವರು ಬಡಿದಾಡಿದ್ದು ದರದ ಮೇಲೆ. ನನಗೆ ತೋರುವಂತೆ ನಿಜವಾದ ಪ್ರಶ್ನೆ ಅದಲ್ಲ. ವರಮಾನವೆಂದು ಯಾವುದನ್ನು ಕರೆಯಬೇಕು, ಇದೇ ಪ್ರಶ್ನೆ.

ಮರ, ಹಣ್ಣು ಮತ್ತು ಬೆಂಗಳೂರಿನ ಒಂದು ಕಂಪನಿ

1920ರಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯ ಒಂದು ತೀರ್ಪಿನಲ್ಲಿ, ಬಂಡವಾಳವನ್ನು ಮರಕ್ಕೂ ವರಮಾನವನ್ನು ಹಣ್ಣಿಗೂ ಹೋಲಿಸುವ ಪಂಡಿತರ ಉಪಮೆಯನ್ನು ಎತ್ತಿಕೊಂಡಿತು. ಮರ ಬೆಳೆದು ಹೆಮ್ಮರವಾದರೂ ಅದು ವರಮಾನವಲ್ಲ. ಹಣ್ಣು ಕಿತ್ತು ಕೈಗೆ ಬಂದಾಗಲೇ ತೆರಿಗೆ. ಅಡಕೆ ತೋಟದವನಿಗೆ ಕೂಡ ಒಪ್ಪುವ ಮಾತು. ಆದರೆ ಇಂದಿನ ಕುಬೇರನು ಹಣ್ಣನ್ನು ಕೀಳುವುದೇ ಇಲ್ಲ. ಅವನ ಷೇರುಗಳು ಬೆಳೆಯುತ್ತವೆ, ಅವನು ಮಾರುವುದಿಲ್ಲ. ಖರ್ಚಿಗೆ ಬೇಕಾದಾಗ ಮರವನ್ನು ತೋರಿಸಿ ಬ್ಯಾಂಕಿನಲ್ಲಿ ಸಾಲ ಪಡೆಯುತ್ತಾನೆ. ಸಾಲ ವರಮಾನವಲ್ಲ, ಅದಕ್ಕೆ ತೆರಿಗೆಯಿಲ್ಲ. ಸತ್ತ ಮೇಲೆ ಮರ ಮಕ್ಕಳಿಗೆ ಹೋಗುತ್ತದೆ. ಆಗ ಶಾಸನ ಹೇಳುವುದೇನು? ತಂದೆ ಸತ್ತ ದಿನದ ಬೆಲೆಗೇ ಮಕ್ಕಳು ಮರವನ್ನು ಕೊಂಡರೆಂದು ಭಾವಿಸತಕ್ಕದ್ದು. ಆದುದರಿಂದ ಆತನ ಜೀವಮಾನದ ಬೆಳವಣಿಗೆಗೆ ವರಮಾನ ತೆರಿಗೆ ಎಂದೆಂದಿಗೂ ಇಲ್ಲ. ಉಯಿಲಿನ ಆಸ್ತಿಗೆ ಬೇರೊಂದು ತೆರಿಗೆ ಇದೆ, ನಿಜ. ಆದರೆ 2024ರಲ್ಲಿ ಒಬ್ಬೊಬ್ಬರಿಗೆ 1 ಕೋಟಿ 36 ಲಕ್ಷ ಡಾಲರಿನವರೆಗೆ ಅದರಿಂದ ವಿನಾಯಿತಿಯಿದ್ದಿತು. ಇದನ್ನು ಓದಿದಾಗ ನನಗೆ ನಮ್ಮ ಶಾಸನಗಳ ಸರ್ವಮಾನ್ಯ ನೆನಪಾಯಿತು. ಅಲ್ಲಿ ರಾಜನು ಕಲ್ಲಿನ ಮೇಲೆ ಕೆತ್ತಿಸಿ, ಸೂರ್ಯಚಂದ್ರರನ್ನು ಸಾಕ್ಷಿಗಿಟ್ಟು ಬಿಟ್ಟುಕೊಡುತ್ತಿದ್ದ. ಇಲ್ಲಿ ಕಲ್ಲೂ ಬೇಡ, ಸೂರ್ಯಚಂದ್ರರೂ ಬೇಡ.

ಹಾಗಾದರೆ ಮರದ ಬೆಳವಣಿಗೆಗೇ ತೆರಿಗೆ ಹಾಕಬಹುದಲ್ಲ? ಈ ಪ್ರಶ್ನೆ ನ್ಯಾಯಾಲಯದ ಬಾಗಿಲಿಗೆ ಬಂದಿತು. ಬಂದದ್ದು ನಮ್ಮ ಬೆಂಗಳೂರಿನ ಮೂಲಕ ಎಂಬುದು ಓದುಗರಿಗೆ ಸ್ವಾರಸ್ಯವೆನಿಸಬಹುದು. ವಾಷಿಂಗ್ಟನ್ ರಾಜ್ಯದ ದಂಪತಿಗಳಿಬ್ಬರು, ಸಣ್ಣ ರೈತರಿಗೆ ಕೃಷಿ ಸಲಕರಣೆಗಳನ್ನು ಒದಗಿಸುವ ಕಿಸಾನ್‌ಕ್ರಾಫ್ಟ್ ಎಂಬ ಬೆಂಗಳೂರಿನ ಕಂಪನಿಯಲ್ಲಿ ನಲವತ್ತು ಸಾವಿರ ಡಾಲರು ತೊಡಗಿಸಿದ್ದರು. ಕಂಪನಿ ಲಾಭ ಗಳಿಸಿತು. ಗಳಿಸಿದ್ದನ್ನು ಹಂಚದೆ ವ್ಯಾಪಾರಕ್ಕೇ ತೊಡಗಿಸುತ್ತ ಬಂದಿತು. ದಂಪತಿಗಳ ಕೈಗೆ ಒಂದು ಡಾಲರೂ ಬಂದಿರಲಿಲ್ಲ. ಆದರೆ 2017ರ ಹೊಸ ಶಾಸನ, ವಿದೇಶದ ಇಂಥ ಕಂಪನಿಗಳಲ್ಲಿ ಕೂಡಿಬಿದ್ದ ಲಾಭಕ್ಕೆ ಅಮೆರಿಕದ ಪಾಲುದಾರರು ಒಂದು ಸಲ ತೆರಿಗೆ ಕಟ್ಟಬೇಕೆಂದಿತು. ಇವರ ಪಾಲಿಗೆ ಬಂದ ತೆರಿಗೆ 14,729 ಡಾಲರು. ಕಟ್ಟಿದರು, ಕಟ್ಟಿ, ಕೈಗೆ ಬಾರದ್ದು ವರಮಾನ ಹೇಗಾದೀತೆಂದು ದಾವೆ ಹೂಡಿದರು. 'ಮೂರ್ ವಿರುದ್ಧ ಸಂಯುಕ್ತ ಸಂಸ್ಥಾನ' ಎಂಬ ಈ ಮೊಕದ್ದಮೆಯಲ್ಲಿ, 2024ರ ಜೂನ್ 20ರಂದು, ಏಳು ಮಂದಿ ನ್ಯಾಯಾಧೀಶರು ಸರ್ಕಾರದ ಕಡೆ, ಇಬ್ಬರು ವಿರುದ್ಧ. ಕಂಪನಿಯ ಕೈಗಾದರೂ ಲಾಭ ಬಂದಿದೆಯಾದ್ದರಿಂದ ಅದನ್ನು ಪಾಲುದಾರರ ಲೆಕ್ಕಕ್ಕೆ ಬರೆಯಬಹುದೆಂದು ತೀರ್ಪಾಯಿತು. ಆದರೆ ಯಾರ ಕೈಗೂ ಬಾರದ, ಬರಿಯ ಬೆಲೆಯೇರಿಕೆಗೆ ತೆರಿಗೆ ಹಾಕಬಹುದೇ ಎಂಬುದನ್ನು ನ್ಯಾಯಾಲಯ ನಿರ್ಧರಿಸದೆ ಉಳಿಸಿತು. ಹತ್ತು ಕೋಟಿ ಡಾಲರಿಗೆ ಮಿಕ್ಕ ಆಸ್ತಿಯವರಿಗೆ ಅಂಥ ತೆರಿಗೆಯನ್ನು ಅಧ್ಯಕ್ಷ ಜೋ ಬೈಡನ್ 2022ರಲ್ಲಿ ಸೂಚಿಸಿದ್ದರು, ಅದು ಶಾಸನವಾಗಲಿಲ್ಲ.

ಇದನ್ನೆಲ್ಲ ನಾನು ವಿವರಿಸಿದಾಗ ಭಾವನವರು ಒಂದು ಮಾತು ಕೇಳಿದರು. ಅದಕ್ಕೆ ಉತ್ತರ ಸುಲಭವಲ್ಲ. "ಈ ವರ್ಷ ಬೆಲೆಯೇರಿತು, ತೆರಿಗೆ ಕಟ್ಟಿದೆ. ಬರುವ ವರ್ಷ ಬೆಲೆ ಕುಸಿದರೆ ಸರ್ಕಾರ ವಾಪಸು ಕೊಡುತ್ತದೆಯೆ? ನನ್ನ ಹತ್ತಿರವೂ ನಾಲ್ಕಾರು ಷೇರುಗಳಿವೆ. ಇಂದು ಕುಬೇರನಿಗೆಂದು ಮಾಡಿದ ಶಾಸನ ನಾಳೆ ನನ್ನ ಮನೆಗೆ ಬರುವುದಿಲ್ಲವೆಂದು ಯಾರು ಹೇಳಬಲ್ಲರು? 1913ರ ತೆರಿಗೆಯೂ ಧನಿಕರದೆಂದು ನೀನೇ ಹೇಳಿದೆಯಲ್ಲ."

ನಾನು ಒಪ್ಪಿದೆ. ಆದರೂ ನನ್ನ ಮನಸ್ಸು ಅಕ್ಕನ ಕಡೆಗೇ ವಾಲುತ್ತದೆ ಎಂಬುದನ್ನು ಮುಚ್ಚಿಡಲಾರೆ. ಭಾವನವರ ನೂರಕ್ಕೊಬ್ಬರಲ್ಲಿ ಹಗಲಿರುಳು ದುಡಿಯುವ ಶಸ್ತ್ರವೈದ್ಯರಿದ್ದಾರೆ, ವಕೀಲರಿದ್ದಾರೆ. ಅವರು ಕೊಡುವುದು ನಿಜವಾಗಿಯೂ ಭಾರಿ ಮೊತ್ತ, ಅವರನ್ನು ಬೈಯುವುದು ಅನ್ಯಾಯ. ಅವರಿಗೂ ಮೇಲೆ ಮರದ ನೆರಳಿನಲ್ಲಿ ಕುಳಿತ ಕೆಲವರಿದ್ದಾರೆ. ಇಬ್ಬರನ್ನೂ 'ಶ್ರೀಮಂತರು' ಎಂಬ ಒಂದೇ ಹೆಸರಿನಿಂದ ಕರೆಯುವುದರಿಂದಲೇ ಅರ್ಧ ವಾದ ಹುಟ್ಟುತ್ತದೆ. ಸಂಬಳಗಾರನ ಪ್ರತಿ ಡಾಲರೂ ಹುಟ್ಟಿದ ದಿನವೇ ಸರ್ಕಾರದ ಕಣ್ಣಿಗೆ ಬೀಳುತ್ತದೆ. ಮರದ ಕೆಳಗಿನವನ ಡಾಲರು ಅವನು ಇಚ್ಛಿಸಿದ ದಿನ ಮಾತ್ರ ಹುಟ್ಟುತ್ತದೆ. ಬದುಕಿರುವ ತನಕ ಮುಟ್ಟದಿದ್ದರೂ ಆಗಲಿ, ತಂದೆಯಿಂದ ಮಕ್ಕಳಿಗೆ ಕೈ ಬದಲಾಗುವ ದಿನವಾದರೂ ಆ ಬೆಳವಣಿಗೆಯನ್ನು ವರಮಾನವೆಂದು ಎಣಿಸಿದರೆ ಏನು ತಪ್ಪು? ಇದಕ್ಕೆ ಮಾತ್ರ ಭಾವನವರು, "ಅದನ್ನು ಯೋಚಿಸಬೇಕಾದ್ದೇ" ಎಂದರು. ನಮ್ಮ ಮನೆಯಲ್ಲಿ ಅಳಿಯಂದಿರು ಇಷ್ಟು ಒಪ್ಪಿದರೆ ಬಹಳ ಒಪ್ಪಿದಂತೆ.

ಹೊರಡುವ ಹಿಂದಿನ ರಾತ್ರಿ ಇನ್ನೊಂದು ಸಂಗತಿ ತಿಳಿಯಿತು. ಭಾವನವರು ಕಟ್ಟುತ್ತಿರುವ ಸಾಮಾಜಿಕ ಭದ್ರತೆಯ ಹಣದಿಂದ ವೃದ್ಧಾಪ್ಯದಲ್ಲಿ ವೇತನ ಬರಬೇಕಾದರೆ ಹತ್ತು ವರ್ಷ ಕಟ್ಟಿರಬೇಕಂತೆ. ಅಷ್ಟರೊಳಗೆ ತಾಯ್ನಾಡಿಗೆ ಮರಳಿದರೆ ಕಟ್ಟಿದ್ದೆಲ್ಲ ಹೋದಂತೆಯೇ. ಎರಡು ದೇಶಗಳಲ್ಲಿ ದುಡಿದ ವರ್ಷಗಳನ್ನು ಕೂಡಿಸಿ ಎಣಿಸುವ ಒಪ್ಪಂದವನ್ನು ಅಮೆರಿಕ ಹಲವು ದೇಶಗಳೊಡನೆ ಮಾಡಿಕೊಂಡಿದೆ. ಭಾರತ ಬಹುಕಾಲದಿಂದ ಕೇಳುತ್ತಿದ್ದರೂ 2024ರ ವರೆಗೆ ನಮಗೆ ಅದು ದೊರೆತಿರಲಿಲ್ಲ. ಆರು ವರ್ಷ, ಏಳು ವರ್ಷ ದುಡಿದು ಹಿಂದಿರುಗಿದ ಎಷ್ಟೋ ಮಂದಿ ಕನ್ನಡಿಗ ಎಂಜಿನಿಯರುಗಳು ಅಲ್ಲಿಯ ಮುದುಕರ ವೇತನಕ್ಕೆ ತಮ್ಮ ಪಾಲನ್ನು ಕೊಟ್ಟು ಸುಮ್ಮನೆ ಬಂದಿದ್ದಾರೆ. ಅವರ ಪಾಲನ್ನು ಯಾವ ಕೊಳಗದಲ್ಲಿ ಅಳೆಯಬೇಕೋ ಕಾಣೆ.

ಪೆಟ್ಟಿಗೆಗೆ ಚಟ್ನಿಪುಡಿಯ ಡಬ್ಬಿಗಳನ್ನು ತುಂಬುತ್ತಿದ್ದ ತಾಯಿ ಇದನ್ನೆಲ್ಲ ಕೇಳಿಸಿಕೊಂಡು ಕೇಳಿದರು:

"ಅಲ್ಲ, ಇಷ್ಟೆಲ್ಲ ಕೊಟ್ಟ ಮೇಲೆ ನಿಮಗೆ ಅಲ್ಲಿ ಓಟು ಉಂಟೇನು?"

"ಇಲ್ಲ ಅತ್ತೆ" ಎಂದರು ಭಾವನವರು. "ನಾವು ಅಲ್ಲಿಯ ಪ್ರಜೆಗಳಲ್ಲ."

"ಮಕ್ಕಳಿಗೆ?"

"ಅವರು ಅಲ್ಲೇ ಹುಟ್ಟಿದವರು. ಹದಿನೆಂಟು ತುಂಬಿದ ಮೇಲೆ ಉಂಟು."

ದೊಡ್ಡ ಹುಡುಗಿಗೆ ಆಗ ಎಂಟು ವರ್ಷ. ಅಧ್ಯಕ್ಷರ ಚುನಾವಣೆಯಲ್ಲಿ ಅವಳ ಮೊದಲ ಓಟು 2036ರಲ್ಲಿ. ತನ್ನ ಮಾತು ಬಂದಿತೆಂದು ತಿಳಿದು ಅವಳು ಬಾಗಿಲ ಬಳಿ ಬಂದು ನಿಂತಳು. ತಾಯಿ ಒಂದು ಕೋಡುಬಳೆಯನ್ನು ಮುರಿದು, ಒಂದು ಚೂರು ಅವಳಿಗೆ, ಒಂದು ಚೂರು ಅವಳ ತಮ್ಮನಿಗೆ ಕೊಟ್ಟರು. ತಮ್ಮನ ಚೂರು ದೊಡ್ಡದೆಂದು ಅವಳು ತಕರಾರು ತೆಗೆದಳು.